ಒಂದು ದಿನ ಮೊದಲೇ ಬಂದ ಬುಲ್ಡೋಜರ್: ದಕ್ಷಿಣ ಆಫ್ರಿಕಾದ ಗ್ರೂಟ್‌ಬೂಮ್ ಪ್ರಕರಣ

ಕೇಪ್‌ಟೌನ್‌ನಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ. ನಮ್ಮಲ್ಲಿ ಜನ ಮುಂಗಾರಿಗೆ ಮುಗಿಲು ನೋಡುವ ಮೇ ತಿಂಗಳ ಕೊನೆಯ ಹೊತ್ತಿಗೆ ಅಲ್ಲಿ ಗಾಳಿ, ಮಳೆ, ಚಳಿ ಮೂರೂ ಜೊತೆಯಾಗಿ ಇಳಿಯತೊಡಗುತ್ತವೆ. 1999ರ ಮೇ 18ರಂದು, ಆ ಮಹಾನಗರದ ಪೂರ್ವದ ಅಂಚಿನಲ್ಲಿ ಖಾಸಗಿ ಜಮೀನೊಂದರಲ್ಲಿ ನೆಲೆಸಿದ್ದ ಸುಮಾರು 900 ಜನರ ಗುಡಿಸಲುಗಳನ್ನು ಬುಲ್ಡೋಜರ್‌ನಿಂದ ಕೆಡವಿ ಸುಟ್ಟುಹಾಕಲಾಯಿತು. ಕೆಲಸಕ್ಕೆ ಹೋಗಿದ್ದವರಿಗೆ, ಬೇರೆಡೆ ಇದ್ದವರಿಗೆ ತಮ್ಮ ಹಾಸಿಗೆ, ಪಾತ್ರೆ, ಕಾಗದಪತ್ರಗಳನ್ನು ಉಳಿಸಿಕೊಳ್ಳುವಷ್ಟೂ ಸಮಯ ಸಿಗಲಿಲ್ಲ. ಜಾಗ ಬಿಟ್ಟು ಹೋಗಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಅವರಿಗೆ ಕೊಟ್ಟಿದ್ದ ಗಡುವು ಮೇ 19. ಬುಲ್ಡೋಜರ್ ಒಂದು ದಿನ ಮೊದಲೇ ಬಂದಿತ್ತು.

ಮುಂದೆ ‘ದಕ್ಷಿಣ ಆಫ್ರಿಕಾ ಗಣರಾಜ್ಯದ ಸರ್ಕಾರ ವಿರುದ್ಧ ಗ್ರೂಟ್‌ಬೂಮ್’ ಎಂಬ ಹೆಸರಿನಲ್ಲಿ ಜಗತ್ತಿನ ಕಾನೂನು ಶಾಲೆಗಳಿಗೆಲ್ಲ ಪಾಠವಾದ ಪ್ರಕರಣ ಹುಟ್ಟಿದ್ದು ಇಲ್ಲಿ. ವಸತಿ, ಆಹಾರ, ನೀರಿನಂತಹ ಹಕ್ಕುಗಳನ್ನು ಬಡ ದೇಶವೊಂದರ ನ್ಯಾಯಾಲಯ ಜಾರಿಗೆ ತರಬಲ್ಲುದೇ, ತಂದರೆ ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆಗೆ ಇದನ್ನೇ ಮೊದಲ ಉದಾಹರಣೆಯಾಗಿ ಎತ್ತಿಕೊಳ್ಳುವ ರೂಢಿಯಿದೆ. ಸಾಮಾನ್ಯವಾಗಿ ಚರ್ಚೆ ತೀರ್ಪಿನ ತತ್ವದ ಸುತ್ತಲೇ ನಡೆಯುತ್ತದೆ. ಆದರೆ ಕಡತವನ್ನು ಮೊದಲಿನಿಂದ ಓದುತ್ತ ಹೋದರೆ ಎದ್ದು ಕಾಣುವುದು ತತ್ವಕ್ಕಿಂತ ಹೆಚ್ಚಾಗಿ ದಿನಾಂಕಗಳು. ಏಳು ವರ್ಷದ ಸರತಿ, ಒಂದು ದಿನ ಮೊದಲು ಬಂದ ಯಂತ್ರ, ಒಂದು ವಾರದಲ್ಲಿ ಹಿಡಿದ ಮಳೆ, ನಾಲ್ಕು ತಿಂಗಳು ಈಡೇರದ ಭರವಸೆ ಇವೆಲ್ಲ ಆ ಕಡತದಲ್ಲಿವೆ. ಈ ಬರಹ ಪ್ರಕರಣವನ್ನು ಆ ದಿನಾಂಕಗಳ ಜಾಡಿನಲ್ಲಿ ಹಿಂಬಾಲಿಸುತ್ತದೆ.

ಜಾಗ, ಜನ, ಸರತಿ

ಪಶ್ಚಿಮ ಕೇಪ್ ಪ್ರಾಂತ್ಯದಲ್ಲಿ ಕಪ್ಪು ಜನರಿಗೆ ಮನೆಯಿಲ್ಲದ್ದು ಆಕಸ್ಮಿಕವಲ್ಲ. ವರ್ಣಭೇದದ ಆಡಳಿತವು ಆ ಪ್ರದೇಶದ ಕೆಲಸಗಳನ್ನು ಮಿಶ್ರವರ್ಣದವರೆಂದು ತಾನು ವರ್ಗೀಕರಿಸಿದ ಜನರಿಗೆ ಮೀಸಲಿಡಲು ಬಯಸಿತ್ತು. ಆದ್ದರಿಂದ ಆಫ್ರಿಕನ್ನರು ಊರೊಳಗೆ ಬರುವುದನ್ನು ಪಾಸು ಕಾನೂನುಗಳ ಮೂಲಕ ತಡೆಯಿತು, 1962ರಲ್ಲಿ ಅವರಿಗಾಗಿ ಮನೆ ಕಟ್ಟುವುದನ್ನೇ ನಿಲ್ಲಿಸಿತು. ಇತ್ತ ಹಳ್ಳಿಗಾಡಿನಲ್ಲಿ ಭೂಮಿಯನ್ನು ಜನಾಂಗದ ಪ್ರಕಾರ ಹಂಚಿದ್ದರಿಂದ ಬೇಸಾಯದ ಬದುಕು ಮೊದಲೇ ಕುಸಿದಿತ್ತು. ಜನ ಬರುವುದು ನಿಲ್ಲಲಿಲ್ಲ, ಬಂದವರಿಗೆ ಸೂರು ಮಾತ್ರ ಇರಲಿಲ್ಲ. 1986ರಲ್ಲಿ ಪಾಸು ಕಾನೂನುಗಳು ರದ್ದಾದವು. ಆ ಹೊತ್ತಿಗೆ ನಗರದ ಅಂಚುಗಳಲ್ಲಿ ತಗಡು, ಹಲಗೆ, ಪ್ಲಾಸ್ಟಿಕ್ಕಿನ ಬಸ್ತಿಗಳು ಬೆಳೆದುಬಿಟ್ಟಿದ್ದವು. ಪ್ರಕರಣ ನ್ಯಾಯಾಲಯದ ಮುಂದೆ ಬಂದಾಗ ಕೇಪ್ ಮಹಾನಗರ ಪ್ರದೇಶಕ್ಕೆ ಸುಮಾರು 2,06,000 ಮನೆಗಳು ಬೇಕಾಗಿದ್ದವು ಮತ್ತು ಸಂಬಂಧಪಟ್ಟ ಊಸ್ಟೆನ್‌ಬರ್ಗ್ ಪುರಸಭೆಯೊಂದರಲ್ಲೇ ಆ ಬೇಡಿಕೆ 25,000ದವರೆಗೆ ಇತ್ತು.

ವಾಲೆಸ್‌ಡೀನ್ ಅಂತಹ ಬಸ್ತಿಗಳಲ್ಲೊಂದು. 1997ರ ಅಧ್ಯಯನವೊಂದರ ಪ್ರಕಾರ ಅಲ್ಲಿ ನಲ್ಲಿ ನೀರು, ಒಳಚರಂಡಿ, ಕಸ ವಿಲೇವಾರಿ ಯಾವುದೂ ಇರಲಿಲ್ಲ. ವಿದ್ಯುತ್ ಇದ್ದದ್ದು ಶೇಕಡ 5ರಷ್ಟು ಗುಡಿಸಲುಗಳಿಗೆ. ಕಾಲು ಭಾಗದಷ್ಟು ಕುಟುಂಬಗಳಿಗೆ ಯಾವ ಆದಾಯವೂ ಇರಲಿಲ್ಲ, ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಕುಟುಂಬಗಳ ತಿಂಗಳ ಗಳಿಕೆ 500 ರ‍್ಯಾಂಡ್‌ಗಿಂತ ಕಡಿಮೆ. ಐರೀನ್ ಗ್ರೂಟ್‌ಬೂಮ್ ಎಂಬಾಕೆ ತನ್ನ ಕುಟುಂಬ ಮತ್ತು ತಂಗಿಯ ಕುಟುಂಬದೊಂದಿಗೆ ಅಂತಹ ಒಂದೇ ಗುಡಿಸಲಿನಲ್ಲಿ ಒತ್ತಾಗಿ ಬದುಕುತ್ತಿದ್ದರು. ತಗ್ಗಿನ ಪ್ರದೇಶವಾದ್ದರಿಂದ ಮಳೆ ಬಂದರೆ ನೀರು ಒಳಗೇ. ಅಲ್ಲಿನ ಎಷ್ಟೋ ಮಂದಿ ಸರ್ಕಾರದ ಸಹಾಯಧನದ ಮನೆಗೆ ಅರ್ಜಿ ಹಾಕಿ ಕಾಯುತ್ತಿದ್ದರು. ಕೆಲವರದ್ದು ಏಳು ವರ್ಷದ ಕಾಯುವಿಕೆ. ಆಶ್ರಯ ಮನೆಯ ಪಟ್ಟಿಯಲ್ಲಿ ತಮ್ಮ ಹೆಸರು ಎಲ್ಲಿದೆ ಎಂದು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬೆರಳಾಡಿಸಿ ನೋಡಿದ ಕನ್ನಡಿಗರಿಗೆ ಈ ಏಳು ವರ್ಷದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1998ರ ಸೆಪ್ಟೆಂಬರ್ ಕೊನೆಯಲ್ಲಿ ಇವರಲ್ಲಿ ಕೆಲವರು ವಾಲೆಸ್‌ಡೀನ್ ಬಿಟ್ಟು ಹತ್ತಿರದ ಖಾಲಿ ಜಮೀನಿಗೆ ಹೋಗಿ ಗುಡಿಸಲು ಹಾಕಿಕೊಂಡರು. ಆ ಜಾಗಕ್ಕೆ ಅವರು ಇಟ್ಟ ಹೆಸರು ‘ನ್ಯೂ ರಸ್ಟ್’. ಅಲ್ಲಿನ ಆಫ್ರಿಕಾನ್ಸ್ ನುಡಿಯಲ್ಲಿ ಆ ಮಾತಿಗೆ ವಿಶ್ರಾಂತಿಯ, ನೆಮ್ಮದಿಯ ಅರ್ಥವಿದೆ. ಜಮೀನು ಖಾಸಗಿಯವರದ್ದು, ಅದರ ಮೇಲೆ ಬಡವರಿಗೆ ಕಡಿಮೆ ಬೆಲೆಯ ಮನೆ ಕಟ್ಟಬೇಕೆಂದು ಮೊದಲೇ ಗೊತ್ತುಮಾಡಲಾಗಿತ್ತು. ವಿಪರ್ಯಾಸವೆಂದರೆ ಇದೇ: ಮನೆಗಾಗಿ ಕಾಯುತ್ತಿದ್ದ ಬಡವರು ಮನೆಗಾಗಿ ಕಾದಿರಿಸಿದ ನೆಲವನ್ನೇ ಅತಿಕ್ರಮಿಸಿದ್ದರು, ಮತ್ತು ಅದರಿಂದ ಸರತಿಯಲ್ಲಿ ಮುಂದೆ ನಿಂತಿದ್ದ ಬೇರೆ ಬಡವರಿಗೆ ತೊಂದರೆಯಾಗುವ ಸಾಧ್ಯತೆಯೂ ಇತ್ತು. ಈ ತೊಡಕನ್ನು ಪ್ರಕರಣದ ಅಭಿಮಾನಿಗಳು ಹಲವು ಬಾರಿ ಹಾರಿಸಿಬಿಡುತ್ತಾರೆ. ನ್ಯಾಯಾಲಯ ಹಾರಿಸಲಿಲ್ಲ.

ಜಮೀನಿನ ಮಾಲೀಕರು ಡಿಸೆಂಬರ್ 8ರಂದು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಿಂದ ತೆರವಿನ ಆದೇಶ ಪಡೆದರು. ಜನ ಕದಲಲಿಲ್ಲ. ಹಿಂದಿರುಗೋಣವೆಂದರೆ ವಾಲೆಸ್‌ಡೀನ್‌ನಲ್ಲಿ ಅವರು ಬಿಟ್ಟುಬಂದ ಜಾಗಗಳನ್ನು ಬೇರೆಯವರು ಆಗಲೇ ತುಂಬಿಕೊಂಡಿದ್ದರು. 1999ರ ಮಾರ್ಚ್‌ನಲ್ಲಿ ಪ್ರಕ್ರಿಯೆ ಮತ್ತೆ ಶುರುವಾಯಿತು. ಈ ಬಾರಿ ಮ್ಯಾಜಿಸ್ಟ್ರೇಟ್ ಅವರು ನಿವಾಸಿಗಳ ಪರವಾಗಿ ವಕೀಲರೊಬ್ಬರನ್ನು ನೇಮಿಸಿದರು. ಮಾತುಕತೆಯಾಗಿ ಮೇ 19ರೊಳಗೆ ಜಾಗ ಬಿಡಬೇಕೆಂದು ಆದೇಶವಾಯಿತು, ಅಷ್ಟರಲ್ಲಿ ನಿವಾಸಿಗಳೂ ಪುರಸಭೆಯೂ ಕೂಡಿ ಬೇರೆ ಜಾಗ ಹುಡುಕಬೇಕೆಂಬ ಸೂಚನೆಯೂ ಅದರ ಜೊತೆಗಿತ್ತು. ಆ ಮಾತುಕತೆ ನಡೆಯಲೇ ಇಲ್ಲ. ಪುರಸಭೆಯ ಖರ್ಚಿನಲ್ಲಿ ಬುಲ್ಡೋಜರ್ ಮಾತ್ರ ಬಂತು. ಅವಧಿಗೆ ಮೊದಲೇ, ಅಮಾನವೀಯವಾಗಿ ನಡೆದ ಈ ಕೆಲಸ ವರ್ಣಭೇದ ಕಾಲದ ಒಕ್ಕಲೆಬ್ಬಿಸುವಿಕೆಯನ್ನು ನೆನಪಿಸುತ್ತದೆ ಎಂದು, ಸಾಂವಿಧಾನಿಕ ವಿಷಯಗಳಲ್ಲಿ ಆ ದೇಶದ ಅತ್ಯುನ್ನತ ಪೀಠವಾದ ಸಂವಿಧಾನ ನ್ಯಾಯಾಲಯ ಮುಂದೆ ತನ್ನ ತೀರ್ಪಿನಲ್ಲಿ ಬರೆಯಿತು.

ಇಂತಹ ಘಟನೆಗಳಿಗೆ ನಮ್ಮ ಪತ್ರಿಕೆಗಳೂ ಕಚೇರಿಗಳೂ ‘ತೆರವು ಕಾರ್ಯಾಚರಣೆ’ ಎನ್ನುತ್ತವೆ. ಆ ಮಾತಿನಲ್ಲಿ ಖಾಲಿಯಾಗುವ ನೆಲ ಕಾಣುತ್ತದೆ, ಹೊರಹೋಗುವ ಮನುಷ್ಯ ಕಾಣುವುದಿಲ್ಲ. ಹಳೆಯ ಮಾತಾದ ‘ಒಕ್ಕಲೆಬ್ಬಿಸುವುದು’ ಎನ್ನುವಾಗ ಮಾತ್ರ ಒಕ್ಕಲೊಂದು ಅಲ್ಲಿತ್ತು ಎಂಬುದು ಉಳಿಯುತ್ತದೆ. ಈ ಬರಹದಲ್ಲಿ ಬೇಕೆಂದೇ ಎರಡನೆಯದನ್ನು ಹೆಚ್ಚು ಬಳಸಲಾಗಿದೆ.

ಬೀದಿಗೆ ಬಿದ್ದವರು ವಾಲೆಸ್‌ಡೀನ್‌ನ ಆಟದ ಮೈದಾನಕ್ಕೆ ಹೋಗಿ ಸಿಕ್ಕ ಪ್ಲಾಸ್ಟಿಕ್ ಹಾಳೆಗಳ ಕೆಳಗೆ ಕುಳಿತರು. ಒಂದು ವಾರದೊಳಗೆ ಮಳೆ ಹಿಡಿಯಿತು.

ಸಂವಿಧಾನದ ‘ಕ್ರಮೇಣ’

ಈ ಜನರ ಕೈಯಲ್ಲಿ ಏನಿತ್ತು? 1997ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಸಂವಿಧಾನವಿತ್ತು. ಅದರ 26ನೆಯ ವಿಧಿ ಪ್ರತಿಯೊಬ್ಬರಿಗೂ ಸಾಕಷ್ಟು ಮಟ್ಟದ ವಸತಿಯನ್ನು ಪಡೆಯುವ ಅವಕಾಶದ ಹಕ್ಕು ಕೊಡುತ್ತದೆ ಮತ್ತು ಎಲ್ಲ ಸಂದರ್ಭಗಳನ್ನೂ ಪರಿಗಣಿಸಿ ನ್ಯಾಯಾಲಯ ಕೊಟ್ಟ ಆದೇಶವಿಲ್ಲದೆ ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ. 27ನೆಯ ವಿಧಿಯಲ್ಲಿ ಆರೋಗ್ಯ ಸೇವೆ, ಸಾಕಷ್ಟು ಆಹಾರ ಮತ್ತು ನೀರು, ಸಾಮಾಜಿಕ ಭದ್ರತೆಗಳ ಹಕ್ಕಿದೆ. 28ನೆಯದು ಮಕ್ಕಳಿಗೆ ಸಂಬಂಧಿಸಿದ್ದು: ಮೂಲಭೂತ ಪೋಷಣೆ, ಆಶ್ರಯ, ಆರೋಗ್ಯ ಸೇವೆ ಪ್ರತಿ ಮಗುವಿನ ಹಕ್ಕು.

ಇಲ್ಲಿ ಭಾರತದ ಸಂವಿಧಾನದೊಂದಿಗಿನ ವ್ಯತ್ಯಾಸವನ್ನು ಗಮನಿಸಬೇಕು. ಜೀವನೋಪಾಯ, ಪೌಷ್ಟಿಕತೆ ಇತ್ಯಾದಿಗಳನ್ನು ನಮ್ಮವರು ರಾಜ್ಯ ನೀತಿಯ ನಿರ್ದೇಶಕ ತತ್ವಗಳಲ್ಲಿ ಇರಿಸಿ, ಅವನ್ನು ಯಾವ ನ್ಯಾಯಾಲಯವೂ ಜಾರಿ ಮಾಡುವಂತಿಲ್ಲ ಎಂದು 37ನೆಯ ವಿಧಿಯಲ್ಲಿ ಬರೆದರು. ನಮ್ಮ ಸುಪ್ರೀಂ ಕೋರ್ಟ್ ಜೀವಿಸುವ ಹಕ್ಕಿನ 21ನೆಯ ವಿಧಿಯನ್ನು ಹಿಗ್ಗಿಸಿ ಹಿಂಬಾಗಿಲಿನಿಂದ ಅವನ್ನು ಒಳಗೆ ಕರೆದುಕೊಳ್ಳಬೇಕಾಯಿತು. ದಕ್ಷಿಣ ಆಫ್ರಿಕಾ ಈ ಹಕ್ಕುಗಳನ್ನು ಹಕ್ಕುಪಟ್ಟಿಯಲ್ಲೇ ಸೇರಿಸಿ ಮುಂಬಾಗಿಲಿನಿಂದಲೇ ಒಳಗೆ ಬಿಟ್ಟುಕೊಂಡಿತು.

ಆದರೆ ಆ ಮುಂಬಾಗಿಲಿಗೆ ಒಂದು ಚಿಲಕವನ್ನೂ ಇಟ್ಟಿತು. ತನ್ನಲ್ಲಿ ಲಭ್ಯವಿರುವ ಸಂಪನ್ಮೂಲಗಳ ಮಿತಿಯೊಳಗೆ, ಸಮಂಜಸವಾದ ಕಾನೂನು ಮತ್ತಿತರ ಕ್ರಮಗಳ ಮೂಲಕ, ಈ ಹಕ್ಕುಗಳನ್ನು ‘ಕ್ರಮೇಣ’ ಸಾಕಾರಗೊಳಿಸುವುದು ಸರ್ಕಾರದ ಹೊಣೆ. ಈ ‘ಕ್ರಮೇಣ’ದಲ್ಲಿ ಪ್ರಾಮಾಣಿಕತೆಯಿದೆ, ಲಕ್ಷಾಂತರ ಮನೆಗಳನ್ನು ಒಂದು ಬಜೆಟ್ಟಿನಲ್ಲಿ ಕಟ್ಟಲಾಗದು. ಹಾಗೆಯೇ ಅಪಾಯವೂ ಇದೆ. ಕೋರ್ಟು ಕಚೇರಿ ಹತ್ತಿದ ಯಾರಿಗಾದರೂ ‘ವಾಯಿದೆ’ ಎಂಬ ಮಾತು ಗೊತ್ತು. ಸೋಲಿಲ್ಲ, ಗೆಲುವಿಲ್ಲ, ಮುಂದಿನ ತಾರೀಖು ಮಾತ್ರ. ‘ಕ್ರಮೇಣ’ವನ್ನು ಸರ್ಕಾರವೊಂದು ವಾಯಿದೆಯಾಗಿ ಬಳಸಬಯಸಿದರೆ ಅದನ್ನು ತಡೆಯುವುದು ಯಾವುದು? 28ನೆಯ ವಿಧಿಯ ಮಕ್ಕಳ ಹಕ್ಕಿಗೆ ಮಾತ್ರ ಈ ಚಿಲಕವಿರಲಿಲ್ಲ, ಅಲ್ಲಿ ‘ಕ್ರಮೇಣ’ ಎಂಬ ಪದವೂ ಇಲ್ಲ, ‘ಲಭ್ಯ ಸಂಪನ್ಮೂಲ’ ಎಂಬ ಪದವೂ ಇಲ್ಲ. ನಿವಾಸಿಗಳ ದಾವೆಯ ಒಂದು ಕಾಲು ಈ ಬಿರುಕಿನಲ್ಲಿ ಊರಿತ್ತು.

ಮಕ್ಕಳ ಮೂಲಕ ಸಿಕ್ಕ ಗೆಲುವು

ಮಳೆ ಹಿಡಿದ ಮರುದಿನವೇ ನಿವಾಸಿಗಳ ವಕೀಲರು ಪುರಸಭೆಗೆ ಪತ್ರ ಬರೆದು ತಾತ್ಕಾಲಿಕ ವಸತಿ ಕೇಳಿದರು. ಬಂದ ಉತ್ತರ ಸಮಾಧಾನ ತರಲಿಲ್ಲ. ಮೇ 31ರಂದು ಕೇಪ್ ಹೈಕೋರ್ಟ್‌ಗೆ ತುರ್ತು ಅರ್ಜಿ ಸಲ್ಲಿಕೆಯಾಯಿತು: 390 ವಯಸ್ಕರು, 510 ಮಕ್ಕಳು. ಎಲ್ಲರ ಪರವಾಗಿ ಮೊದಲ ಹೆಸರು ಐರೀನ್ ಗ್ರೂಟ್‌ಬೂಮ್ ಅವರದ್ದು.

ಜೂನ್ 4ರಂದು ನ್ಯಾಯಮೂರ್ತಿ ಜೋಸ್ಮನ್ ಸ್ವತಃ ಮೈದಾನಕ್ಕೆ ಹೋಗಿ ನೋಡಿದರು, ಮತ್ತು ಮಕ್ಕಳಿಗೂ, ಆರೈಕೆ ಬೇಕಾದ ಪ್ರತಿ ಮಗುವಿನ ಒಬ್ಬ ಪೋಷಕರಿಗೂ ವಾಲೆಸ್‌ಡೀನ್ ಸಮುದಾಯ ಭವನದಲ್ಲಿ ಜಾಗ ಕೊಡುವಂತೆ ಮಧ್ಯಂತರ ಆದೇಶ ಮಾಡಿದರು. ಇಡೀ ಪ್ರಕರಣದಲ್ಲಿ ನ್ಯಾಯಾಧೀಶರೊಬ್ಬರು ಆ ಪ್ಲಾಸ್ಟಿಕ್ ಹಾಳೆಗಳ ನಡುವೆ ಹೋಗಿ ನಿಂತ ಈ ಭೇಟಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂದು ನನಗನ್ನಿಸುತ್ತದೆ. ಅರ್ಜಿ ಸಲ್ಲಿಸಿ ನಾಲ್ಕೇ ದಿನಕ್ಕೆ ಆದೇಶ ಹೊರಬಿದ್ದದ್ದು ಮುಂದೆಂದೂ ಮರುಕಳಿಸಲಿಲ್ಲ.

ಹೈಕೋರ್ಟಿನ ಪೂರ್ಣ ತೀರ್ಪು 1999ರ ಡಿಸೆಂಬರ್ 17ರಂದು ಬಂತು. ನ್ಯಾಯಮೂರ್ತಿ ಡೇವಿಸ್ ಬರೆದ ಅದರ ತರ್ಕ ಜಾಣತನದ್ದು. ಸರ್ಕಾರಕ್ಕೊಂದು ವಸತಿ ಕಾರ್ಯಕ್ರಮವಿದೆ, ಹಣ ಕಡಿಮೆಯಿದೆ, ಆದ್ದರಿಂದ 26ನೆಯ ವಿಧಿಯ ಉಲ್ಲಂಘನೆಯಾಗಿಲ್ಲ. ಆದರೆ ಮಕ್ಕಳಿಗೆ ಆಶ್ರಯದ ಹಕ್ಕು ಯಾವ ಷರತ್ತೂ ಇಲ್ಲದೆ ಇದೆ, ತಂದೆತಾಯಿ ಅದನ್ನು ಕೊಡಲಾರದಾಗ ಸರ್ಕಾರ ಕೊಡಬೇಕು, ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಬಾರದಾದ್ದರಿಂದ ಹೆತ್ತವರಿಗೂ ಅಲ್ಲೇ ಜಾಗ ಸಿಗಬೇಕು. ಡೇರೆ, ಸಾಗಿಸಬಹುದಾದ ಶೌಚಾಲಯ, ಟ್ಯಾಂಕರಿನಲ್ಲಾದರೂ ಸರಿ ನಿಯಮಿತವಾಗಿ ತಂದುಕೊಡುವ ನೀರು, ಇಷ್ಟು ಕನಿಷ್ಠ. ಮೂರು ತಿಂಗಳೊಳಗೆ ಏನು ಮಾಡಿದಿರೆಂದು ಪ್ರಮಾಣಪತ್ರದ ಮೂಲಕ ವರದಿ ಸಲ್ಲಿಸಿ ಎಂದೂ ಹೈಕೋರ್ಟ್ ಹೇಳಿತು. ಈ ಕೊನೆಯ ವಾಕ್ಯವನ್ನು ಓದುಗರು ನೆನಪಿನಲ್ಲಿಡಬೇಕು, ಇದರ ಮಾತು ಮುಂದೆ ಬರುತ್ತದೆ.

ಕೇಂದ್ರ ಸರ್ಕಾರ, ಪ್ರಾಂತ್ಯ ಸರ್ಕಾರ, ಮಹಾನಗರ ಮಂಡಳಿ, ಪುರಸಭೆ ನಾಲ್ಕೂ ಸೇರಿ ಮೇಲ್ಮನವಿ ಹೋದವು.

ಎರಡು ಆದೇಶಗಳು

ಸಂವಿಧಾನ ನ್ಯಾಯಾಲಯದಲ್ಲಿ ವಿಚಾರಣೆ 2000ದ ಮೇ 11ರಂದು. ಅದರ ಹಿಂದಿನ ದಿನಗಳಲ್ಲಿ ಸರ್ಕಾರದ ಕಡೆಯವರು ಒಂದು ಕೊಡುಗೆ ಮುಂದಿಟ್ಟರು: ಮೈದಾನದಲ್ಲೇ ಗುರುತು ಮಾಡಿದ ಜಾಗ, ಮಳೆ ಸೋರದ ತಾತ್ಕಾಲಿಕ ಗೂಡು, ಮೂಲಭೂತ ನೈರ್ಮಲ್ಯ, ನೀರು, ಕಸ ವಿಲೇವಾರಿ. ನಿವಾಸಿಗಳು ಒಪ್ಪಿದರು. ಹೀಗಾಗಿ ಪ್ರಕರಣದ ತುರ್ತು ಕಡಿಮೆಯಾಯಿತೆಂದು ಎಲ್ಲರೂ ಭಾವಿಸಿದರು, ನ್ಯಾಯಾಲಯವೂ ಹಾಗೆಯೇ ತಿಳಿಯಿತು. ಸುಮಾರು ನಾಲ್ಕು ತಿಂಗಳ ನಂತರ ನಿವಾಸಿಗಳು ಮತ್ತೆ ತುರ್ತು ಅರ್ಜಿಯೊಂದಿಗೆ ಬಾಗಿಲು ತಟ್ಟಿದರು. ಕೊಟ್ಟ ಮಾತು ಈಡೇರಿರಲಿಲ್ಲ. ಸೆಪ್ಟೆಂಬರ್ 21ರಂದು ನ್ಯಾಯಾಲಯವು ಪುರಸಭೆ ಪ್ರಾಥಮಿಕ ಸೌಕರ್ಯಗಳನ್ನು ಒದಗಿಸಲೇಬೇಕೆಂದು ಕಟ್ಟುಪಾಡಿನ ಆದೇಶ ಹೊರಡಿಸಿತು.

ಇದಾಗಿ ಎರಡು ವಾರಕ್ಕೆ, ಅಕ್ಟೋಬರ್ 4ರಂದು, ಜಗತ್ಪ್ರಸಿದ್ಧ ತೀರ್ಪು ಹೊರಬಂತು. ಪಠ್ಯಪುಸ್ತಕಗಳಲ್ಲಿ ಇರುವುದು ಅಕ್ಟೋಬರ್ ನಾಲ್ಕರದ್ದು. ಮೈದಾನದಲ್ಲಿದ್ದವರಿಗೆ ನೀರಿನ, ಶೌಚಾಲಯದ ಹಕ್ಕನ್ನು ಹೆಸರಿಟ್ಟು, ಹೊಣೆಗಾರರನ್ನು ಗುರುತಿಸಿ ಕೊಟ್ಟದ್ದು ಸೆಪ್ಟೆಂಬರ್ ಇಪ್ಪತ್ತೊಂದರದ್ದು.

ತೀರ್ಪನ್ನು ಇಡೀ ಪೀಠದ ಪರವಾಗಿ ಒಮ್ಮತದಿಂದ ಬರೆದವರು ನ್ಯಾಯಮೂರ್ತಿ ಝಾಕ್ ಯಾಕೂಬ್. ಡರ್ಬನ್‌ನ ಭಾರತೀಯ ಮೂಲದ ಕುಟುಂಬದಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಮೆದುಳುಜ್ವರದಿಂದ ದೃಷ್ಟಿ ಕಳೆದುಕೊಂಡ ಅವರು ನೇಟಾಲ್ ಇಂಡಿಯನ್ ಕಾಂಗ್ರೆಸ್ಸಿನಲ್ಲಿ ವರ್ಣಭೇದದ ವಿರುದ್ಧ ದುಡಿದು ವಕೀಲಿಕೆಯಿಂದ ನ್ಯಾಯಪೀಠಕ್ಕೆ ಬಂದವರು. ಅನ್ನ, ಬಟ್ಟೆ, ಸೂರು ಇಲ್ಲದವರಿಗೆ ಸಂವಿಧಾನದ ಅಡಿಪಾಯದ ಮೌಲ್ಯಗಳಾದ ಘನತೆ, ಸ್ವಾತಂತ್ರ್ಯ, ಸಮಾನತೆಗಳನ್ನೇ ನಿರಾಕರಿಸಿದಂತೆ ಎಂಬುದು ತೀರ್ಪಿನಲ್ಲಿ ಬರುವ ಮಾತು. ವಸತಿಯೆಂದರೆ ಇಟ್ಟಿಗೆ ಗಾರೆಯಷ್ಟೇ ಅಲ್ಲ, ಅದಕ್ಕೆ ನೆಲ ಬೇಕು, ನೀರು ಬರಬೇಕು, ಕೊಳಚೆ ಹೋಗಬೇಕು, ಇವಕ್ಕೆಲ್ಲ ಹಣ ಹೊಂದಿಸಬೇಕು ಎಂದೂ ಅದು ಹೇಳುತ್ತದೆ. ಹೀಗೆ ವಸತಿಯ ಪ್ರಕರಣದೊಳಗೆ ನೀರಿನ ಪ್ರಕರಣವೂ ಅಡಗಿತ್ತು.

ನ್ಯಾಯಾಲಯ ಮೊದಲು ತಳ್ಳಿಹಾಕಿದ್ದು ಹೈಕೋರ್ಟಿನ ಮಕ್ಕಳ ತರ್ಕವನ್ನು. ಮಕ್ಕಳಿರುವವರಿಗೆ ತಕ್ಷಣ ಆಶ್ರಯ, ಮಕ್ಕಳಿಲ್ಲದ ಮುದುಕರಿಗೆ ‘ಕ್ರಮೇಣ’ ಎಂದಾದರೆ, ಮಕ್ಕಳು ಹೆತ್ತವರ ಮನೆಗೆ ಮೆಟ್ಟಿಲಾಗಿಬಿಡುತ್ತಾರೆ ಎಂಬ ಆತಂಕ ಅದರದ್ದು. ಈ ಆತಂಕ ನ್ಯಾಯವಾದದ್ದೇ. ಆದರೂ ಷರತ್ತಿಲ್ಲದ ಆ ಹಕ್ಕು ಇದರಿಂದ ಬಹುಮಟ್ಟಿಗೆ ಕೈಜಾರಿತು.

ಎರಡನೆಯದಾಗಿ, ಪ್ರಕರಣದಲ್ಲಿ ನ್ಯಾಯಾಲಯಕ್ಕೆ ನೆರವಾಗಲು ಬಂದಿದ್ದ ಮಾನವ ಹಕ್ಕುಗಳ ಆಯೋಗ ಮತ್ತು ಪಶ್ಚಿಮ ಕೇಪ್ ವಿಶ್ವವಿದ್ಯಾಲಯದ ಸಮುದಾಯ ಕಾನೂನು ಕೇಂದ್ರ ಒಂದು ವಾದ ಹೂಡಿದ್ದವು. ಅವುಗಳ ಪರವಾಗಿ ಕಾನೂನು ನೆರವಿನ ಸಂಸ್ಥೆಯಾದ ಲೀಗಲ್ ರಿಸೋರ್ಸಸ್ ಸೆಂಟರ್‌ನ ಜೆಫ್ ಬಡ್ಲೆಂಡರ್ ಮಂಡಿಸಿದ ಆ ವಾದದ ಸಾರವಿಷ್ಟು: ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿ 1990ರಲ್ಲಿ ಹೇಳಿದಂತೆ ಪ್ರತಿ ಹಕ್ಕಿಗೂ ಒಂದು ‘ಕನಿಷ್ಠ ತಿರುಳು’ ಇದೆ, ಅದರ ಕೆಳಗೆ ಯಾವ ಸರ್ಕಾರವೂ ಇಳಿಯುವಂತಿಲ್ಲ. ನ್ಯಾಯಾಲಯ ಒಪ್ಪಲಿಲ್ಲ. ಕೆಲವರಿಗೆ ನೆಲ ಸಾಕು, ಕೆಲವರಿಗೆ ನೆಲವೂ ಮನೆಯೂ ಬೇಕು, ಕೆಲವರಿಗೆ ಸಾಲ ಸಿಕ್ಕರೆ ತಾವೇ ಕಟ್ಟಿಕೊಳ್ಳುತ್ತಾರೆ, ಹೀಗಿರುವಾಗ ಕನಿಷ್ಠ ಎಂಬ ಗೆರೆಯನ್ನು ಸಾಕಷ್ಟು ಮಾಹಿತಿಯಿಲ್ಲದೆ ಎಲ್ಲಿ ಎಳೆಯುವುದು ಎಂದು ಕೇಳಿತು. ಅಂದಹಾಗೆ ದಕ್ಷಿಣ ಆಫ್ರಿಕಾ ಆ ಅಂತರರಾಷ್ಟ್ರೀಯ ಒಡಂಬಡಿಕೆಗೆ ಆಗ ಸಹಿಯನ್ನಷ್ಟೇ ಹಾಕಿತ್ತು, ಅದನ್ನು ಅನುಮೋದಿಸಿದ್ದು 2015ರಲ್ಲಿ.

ಗೆರೆಯ ಬದಲು ನ್ಯಾಯಾಲಯ ಒಂದು ಪ್ರಶ್ನೆಯನ್ನು ಇಟ್ಟುಕೊಂಡಿತು: ಸರ್ಕಾರದ ಕಾರ್ಯಕ್ರಮ ಸಮಂಜಸವೇ? ಸರ್ಕಾರಕ್ಕೆ ಕಾನೂನಿತ್ತು, ಸಹಾಯಧನವಿತ್ತು, ಲಕ್ಷಗಟ್ಟಲೆ ಮನೆಗಳು ಎದ್ದಿದ್ದವು, ನ್ಯಾಯಾಲಯ ಅದನ್ನು ಮೆಚ್ಚಿಯೇ ಮಾತಾಡಿತು. ಆದರೆ ಆ ಇಡೀ ಕಾರ್ಯಕ್ರಮ ದೀರ್ಘಾವಧಿಯ ಮನೆಗಳಿಗಾಗಿತ್ತು. ಕಾಲಡಿಯ ನೆಲವೂ ತಲೆಯ ಮೇಲಿನ ಸೂರೂ ಇಲ್ಲದೆ ಸಹಿಸಲಾಗದ ಸ್ಥಿತಿಯಲ್ಲಿ ಈ ಹೊತ್ತು ಇರುವವರಿಗೆ ಅದರಲ್ಲಿ ಏನೂ ಇರಲಿಲ್ಲ. ಅಂಕಿ ಅಂಶದಲ್ಲಿ ಯಶಸ್ವಿಯಾದ ಕಾರ್ಯಕ್ರಮವೂ ಅತ್ಯಂತ ಗತಿಗೆಟ್ಟವರನ್ನು ಕೈಬಿಟ್ಟರೆ ಸಮಂಜಸವಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಈ ತೀರ್ಪಿನ ಜೀವಾಳವಿರುವುದು ಈ ಮಾತಿನಲ್ಲಿ. ‘ಕ್ರಮೇಣ’ ಎನ್ನುವ ಸರ್ಕಾರವೂ ‘ಇವತ್ತು ರಾತ್ರಿ’ಗೆ ಒಂದು ಉತ್ತರ ಇಟ್ಟುಕೊಂಡಿರಬೇಕು. ಕೇಪ್ ಮಹಾನಗರ ಮಂಡಳಿ ಅಂತಹ ತುರ್ತು ಭೂಯೋಜನೆಯೊಂದನ್ನು ರೂಪಿಸಿತ್ತು ನಿಜ, ಆದರೆ ಅದು ಬಂದದ್ದು ದಾವೆ ಹೂಡಿದ ಮೇಲೆ, 1999ರ ಜೂನ್‌ನಲ್ಲಿ, ಮತ್ತು ಅದಕ್ಕೆ ಬೇಕಾದ ಹಣ ಬರಬೇಕಾದದ್ದು ಮೇಲಿನ ಸರ್ಕಾರಗಳಿಂದ. ಪುರಸಭೆ ಪ್ರಾಂತ್ಯದ ಕಡೆ, ಪ್ರಾಂತ್ಯ ಕೇಂದ್ರದ ಕಡೆ ಕೈ ತೋರಿಸುವಂತಿಲ್ಲ, ಮೂರೂ ಹಂತಗಳು ಕೂಡಿಯೇ ಹೊಣೆ ಹೊರಬೇಕು ಎಂಬುದೂ ತೀರ್ಪಿನ ಒಂದು ಭಾಗ.

ಅತಿಕ್ರಮಣದ ಮೂಲಕ ಸರ್ಕಾರದ ಕೈ ತಿರುಚಿ ಸರತಿ ಹಾರುವುದನ್ನು ಈ ತೀರ್ಪು ಒಪ್ಪುತ್ತದೆಂದು ಯಾರೂ ತಿಳಿಯಬಾರದು ಎಂದೂ ಯಾಕೂಬ್ ಸ್ಪಷ್ಟವಾಗಿ ಬರೆದರು.

ಹಾಗಾದರೆ ಕೊನೆಯಲ್ಲಿ ಆದೇಶವೇನು? ಕೇಪ್ ಪ್ರದೇಶದ ವಸತಿ ಕಾರ್ಯಕ್ರಮವು ಗತಿಯಿಲ್ಲದವರಿಗೆ ಸಮಂಜಸ ಏರ್ಪಾಡು ಮಾಡುವಲ್ಲಿ ಸಂವಿಧಾನದ ಹೊಣೆಯನ್ನು ಪೂರೈಸಿಲ್ಲ ಎಂಬ ಘೋಷಣೆ. ಇಂತಿಷ್ಟು ದಿನದೊಳಗೆ ಸರಿಪಡಿಸಿ ಎಂಬ ಮಾತಿಲ್ಲ, ಮತ್ತೆ ಬಂದು ವರದಿ ಕೊಡಿ ಎಂಬ ಮಾತಿಲ್ಲ. ಹೈಕೋರ್ಟ್ ಇಟ್ಟಿದ್ದ ಮೂರು ತಿಂಗಳ ವರದಿ ಇಲ್ಲಿ ಮಾಯವಾಯಿತು. ಮೇಲ್ವಿಚಾರಣೆಯನ್ನು ಮಾನವ ಹಕ್ಕುಗಳ ಆಯೋಗಕ್ಕೆ ಬಿಡಲಾಯಿತು, ಅದಕ್ಕೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಎರಡು ವಾರದ ಹಿಂದಷ್ಟೇ ಇದೇ ಸರ್ಕಾರಗಳು ತಾವೇ ಕೊಟ್ಟ ಮಾತನ್ನು ನಾಲ್ಕು ತಿಂಗಳು ಮುರಿದದ್ದನ್ನು ಕಣ್ಣಾರೆ ಕಂಡ ನ್ಯಾಯಾಲಯ, ದಿನಾಂಕವಿಲ್ಲದ ಆದೇಶ ಬರೆಯಲು ಹೇಗೆ ಮನಸ್ಸು ಮಾಡಿತು ಎಂಬುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ. ಹೊಸ ಪ್ರಜಾಪ್ರಭುತ್ವದಲ್ಲಿ ಚುನಾಯಿತ ಸರ್ಕಾರದ ಮೇಲೆ ಯಜಮಾನಿಕೆ ಮಾಡಬಾರದೆಂಬ ಸಂಯಮ ಅದರ ಹಿಂದಿತ್ತು ಎನ್ನಬಹುದು. ಸಂಯಮದ ಬೆಲೆ ತೆತ್ತವರು ಬೇರೆಯವರು.

ಅದರ ನಂತರ

ತೀರ್ಪಿಗೆ ಫಲವಿಲ್ಲದೆ ಹೋಗಲಿಲ್ಲ. ಗತಿಗೆಟ್ಟವರಿಗಾಗಿ ರಾಷ್ಟ್ರೀಯ ವಸತಿ ಸಂಹಿತೆಗೆ ತುರ್ತು ವಸತಿಯ ಹೊಸ ಅಧ್ಯಾಯ, ಹನ್ನೆರಡನೆಯದು, ಸೇರಿತು. ಪ್ರವಾಹ, ಬೆಂಕಿ, ಒಕ್ಕಲೆಬ್ಬಿಸುವಿಕೆಯಿಂದ ಮನೆ ಕಳೆದುಕೊಂಡವರಿಗೆ ಪುರಸಭೆಗಳು ನೆರವು ಕೋರಬಹುದಾದ ದಾರಿ ಅದರಿಂದ ತೆರೆಯಿತು. ಆದರೆ ಅದು ಬಂದದ್ದು ತೀರ್ಪಿನ ಮೂರ್ನಾಲ್ಕು ವರ್ಷಗಳ ನಂತರ. ಐರೀನ್ ಗ್ರೂಟ್‌ಬೂಮ್ 2008ರ ಆಗಸ್ಟ್‌ನಲ್ಲಿ, ಇನ್ನೂ ಗುಡಿಸಲಿನಲ್ಲೇ ಇದ್ದು, ತೀರಿಕೊಂಡರು. ಈ ಸುದ್ದಿಯನ್ನೇ ಹಿಡಿದು ತೀರ್ಪು ವ್ಯರ್ಥವೆನ್ನುವವರಿದ್ದಾರೆ. ಅದು ಆತುರದ ಮಾತು. ಒಬ್ಬರಿಗೆ ಮನೆ ಕೊಡಿ ಎಂದು ನ್ಯಾಯಾಲಯ ಹೇಳಿರಲೇ ಇಲ್ಲ, ಅದು ಹೇಳಿದ್ದು ಕಾರ್ಯಕ್ರಮದ ಬಗ್ಗೆ. ದೂರುವುದಾದರೆ ಹೇಳದೇ ಬಿಟ್ಟ ದಿನಾಂಕವನ್ನು ದೂರಬೇಕು.

ಅದೇ ಸಮಂಜಸತೆಯ ಅಳತೆಗೋಲು ನೀರಿಗೆ ಬಂದಾಗ ಎಷ್ಟು ಸಡಿಲವಾಗಬಲ್ಲುದೆಂದು 2009ರ ಮಜಿಬುಕೊ ಪ್ರಕರಣ ತೋರಿಸಿತು. ಜೊಹಾನ್ಸ್‌ಬರ್ಗ್ ನಗರವು ಸೊವೆಟೊದ ಫಿರಿ ಎಂಬಲ್ಲಿ ಮೊದಲೇ ಹಣ ಕಟ್ಟಿಸಿಕೊಳ್ಳುವ ನೀರಿನ ಮೀಟರುಗಳನ್ನು ಅಳವಡಿಸಿತ್ತು. ತಿಂಗಳಿಗೆ 6,000 ಲೀಟರ್ ಉಚಿತ, ಅದು ಮುಗಿದ ಮೇಲೆ ಹಣ ಹಾಕದಿದ್ದರೆ ನಲ್ಲಿ ತಾನಾಗಿ ನಿಲ್ಲುತ್ತದೆ. ತಲೆಗೆ ದಿನಕ್ಕೆ 25 ಲೀಟರ್ ಎಂಬುದು ನಗರದ ಲೆಕ್ಕ, ಆದರೆ ಒಂದೇ ನಿವೇಶನದಲ್ಲಿ ಹಲವು ಸಂಸಾರಗಳಿದ್ದರೆ ಆ ಲೆಕ್ಕ ನಿಲ್ಲುವುದಿಲ್ಲ. ಹೈಕೋರ್ಟ್ ತಲೆಗೆ 50 ಲೀಟರ್ ಎಂದಿತು, ಮೇಲ್ಮನವಿ ನ್ಯಾಯಾಲಯ 42ಕ್ಕೆ ಇಳಿಸಿತು, ಸಂವಿಧಾನ ನ್ಯಾಯಾಲಯ ಎಷ್ಟೆಂದು ನಿಗದಿಮಾಡುವುದು ತನ್ನ ಕೆಲಸವೇ ಅಲ್ಲವೆಂದು ಎರಡನ್ನೂ ರದ್ದುಪಡಿಸಿತು. ಕನಿಷ್ಠದ ಗೆರೆ ಎಳೆಯಲು 2000ದಲ್ಲಿ ಹಿಂಜರಿದುದರ ಫಲ ಫಿರಿಯ ನಲ್ಲಿಗಳಲ್ಲಿ ಹೀಗೆ ಕಂಡಿತು. ದಾವೆಯ ಒತ್ತಡದಲ್ಲಿ ನಗರ ತನ್ನ ನೀತಿಯನ್ನು ಹಲವು ಬಾರಿ ತಿದ್ದಿಕೊಂಡಿತು ಎಂಬುದನ್ನು ನ್ಯಾಯಾಲಯ ಸಮಾಧಾನವಾಗಿ ಎತ್ತಿ ಹೇಳಿತು. ಅದೂ ಸುಳ್ಳಲ್ಲ.

ಭಾರತದಲ್ಲಿ ಗ್ರೂಟ್‌ಬೂಮ್ ತೀರ್ಪಿಗೆ ಹದಿನೈದು ವರ್ಷ ಮೊದಲೇ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂಬೈಯ ಪಾದಚಾರಿ ದಾರಿಗಳ ನಿವಾಸಿಗಳ ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತ್ತು. ಆ ತೀರ್ಪೂ ಅವರನ್ನು ಎಬ್ಬಿಸುವುದನ್ನು ತಡೆಯಲಿಲ್ಲ, ಮಳೆಗಾಲ ಮುಗಿದು 1985ರ ಅಕ್ಟೋಬರ್ 31 ಆಗುವ ತನಕ ಮುಟ್ಟಬೇಡಿ ಎಂದಿತು, ಅಷ್ಟೇ. ತತ್ವ ದೊಡ್ಡದು, ಕೈಗೆ ಬಂದ ಪರಿಹಾರ ಒಂದು ಮಳೆಗಾಲ. ಆದರೂ ಅದರಲ್ಲೊಂದು ದಿನಾಂಕವಿತ್ತು. ಮುಂದೆ ದೆಹಲಿಯ ಶಕೂರ್ ಬಸ್ತಿಯಲ್ಲಿ 2015ರ ಡಿಸೆಂಬರ್ ಚಳಿಯಲ್ಲಿ ರೈಲ್ವೆ ಜಮೀನಿನ ಜೋಪಡಿಗಳನ್ನು ಕೆಡವಿದಾಗ, 2019ರ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ದಕ್ಷಿಣ ಆಫ್ರಿಕಾದ ವಸತಿ ತೀರ್ಪುಗಳನ್ನು ವಿಸ್ತಾರವಾಗಿ ಪರಿಶೀಲಿಸಿ, ನಿವಾಸಿಗಳೊಂದಿಗೆ ಅರ್ಥಪೂರ್ಣ ಸಮಾಲೋಚನೆಯಿಲ್ಲದೆ, ಪುನರ್ವಸತಿಯ ಅರ್ಹತೆಯನ್ನು ಮೊದಲು ಪರಿಶೀಲಿಸದೆ ಜನರನ್ನು ಎಬ್ಬಿಸುವಂತಿಲ್ಲ ಎಂದಿತು.

‘ಅರ್ಥಪೂರ್ಣ ಸಮಾಲೋಚನೆ’ ಎಂಬ ಈ ಮಾತು ಹುಟ್ಟಿದ್ದು ಗ್ರೂಟ್‌ಬೂಮ್ ನಂತರದ ಜೊಹಾನ್ಸ್‌ಬರ್ಗ್‌ನಲ್ಲಿ. 2008ರ ಆಲಿವಿಯಾ ರಸ್ತೆ ಪ್ರಕರಣದಲ್ಲಿ, ಶಿಥಿಲ ಕಟ್ಟಡಗಳಿಂದ ಬಡವರನ್ನು ಹೊರಹಾಕಲು ಹೊರಟ ನಗರಾಡಳಿತಕ್ಕೆ ಸಂವಿಧಾನ ನ್ಯಾಯಾಲಯವು ಮೊದಲು ಅವರೊಂದಿಗೆ ಕುಳಿತು ಮಾತಾಡಿ ಬರುವಂತೆ ಆದೇಶಿಸಿತು, ಮಾತಾಡಿದ ಮೇಲೆ ಏನಾಯಿತೆಂದು ವರದಿಯನ್ನೂ ಕೇಳಿತು. 1999ರಲ್ಲಿ ನಡೆಯದೇ ಹೋದದ್ದು ಇದೇ ಮಾತುಕತೆ.

ಮೂರು ವರ್ಷದ ನಂತರ, 2011ರ ಡಿಸೆಂಬರ್ 1ರಂದು, ಬ್ಲೂ ಮೂನ್‌ಲೈಟ್ ಪ್ರಕರಣ ತೀರ್ಮಾನವಾಯಿತು. ಜೊಹಾನ್ಸ್‌ಬರ್ಗ್‌ನ ಹಳೆಯ ಕಟ್ಟಡವೊಂದರಲ್ಲಿದ್ದ 86 ಬಡವರನ್ನು ಖಾಸಗಿ ಮಾಲೀಕರು ಹೊರಹಾಕಬಯಸಿದ್ದರು. ಖಾಸಗಿಯವರು ಎಬ್ಬಿಸಿದವರಿಗೆ ತುರ್ತು ವಸತಿ ಕೊಡುವುದು ತನ್ನ ಹೊಣೆಯಲ್ಲ, ಅದಕ್ಕೆ ಪ್ರಾಂತ್ಯ ಹಣ ಕೊಡಬೇಕು ಎಂದು ನಗರ ವಾದಿಸಿತು. ನ್ಯಾಯಾಲಯವು ಗ್ರೂಟ್‌ಬೂಮ್ ತೀರ್ಪಿನಿಂದ ಹುಟ್ಟಿದ ಹನ್ನೆರಡನೆಯ ಅಧ್ಯಾಯವನ್ನು ಬಿಡಿಸಿ ನೋಡಿ, ಈ ಹೊಣೆ ನಗರದ್ದೂ ಹೌದು, ತನ್ನ ಬೊಕ್ಕಸದಿಂದಲೇ ಅದಕ್ಕೆ ಹಣ ತೆಗೆದಿಡಬೇಕಿತ್ತು ಎಂದಿತು. ಒಕ್ಕಲೆಬ್ಬಿಸಲು ಮಾಲೀಕರಿಗೆ ಅನುಮತಿಯನ್ನೂ ಕೊಟ್ಟಿತು. ಆದರೆ ಈ ಬಾರಿ ಆದೇಶದಲ್ಲಿ ಎರಡು ದಿನಾಂಕಗಳಿದ್ದವು: ಸಾಧ್ಯವಾದಷ್ಟು ಹತ್ತಿರದಲ್ಲೇ ತಾತ್ಕಾಲಿಕ ವಸತಿ ಸಿದ್ಧವಾಗಬೇಕಾದ ದಿನ ಮೊದಲು, ಕಟ್ಟಡ ಖಾಲಿ ಮಾಡಬೇಕಾದ ದಿನ ಅದರ ನಂತರ.